ಮುಂಜಾನೆ ಎದ್ದರೆ ತಲೆಬುರುಡೆ: ಕೈಯೊಳಗಿನ ಪ್ರಾಣಿಗೆ ಆರಾಮಿಲ್ಲದಾಗ ಏನು ನೋಡಬೇಕು

ಶುಕ್ರವಾರ ಸಂಜೆ ಏಳು ಗಂಟೆ. ಕಲಬುರಗಿಯ ನಮ್ಮ ಮನೆಗೆ ಅಕ್ಕನ ಮಗಳು ಓಡಿ ಬಂದಳು. ಕೈಯಲ್ಲಿ ಮೊಟ್ಟೆ ಆಕಾರದ ತಮಗೋಚಿ, ಚಿಕ್ಕ ಪರದೆಯೊಳಗೆ ಒಂದು ಪ್ರಾಣಿಯನ್ನು ಸಾಕುವ ಆಟಿಕೆ. ಐದು ದಿನದ ಹಿಂದೆ, ಭಾನುವಾರ ಶುರು ಮಾಡಿದ್ದು. ಒಳಗಿನ ಪ್ರಾಣಿಗೆ ಗುಂಡ್ಯಾ ಅಂತ ಹೆಸರಿಟ್ಟಿದ್ದಾಳೆ.

"ಮಾಮಾ, ಗುಂಡ್ಯಾಗ ದಿನಾ ಮುಂಜಾನಿ ಆರಾಮ್ ಇರಲ್ಲ. ಸೂಜಿ ಮಾಡ್ತೀನಿ, ಆರಾಮಾಗ್ತದ. ಮರುದಿನ ಮತ್ತ ಅದೇ. ಗುರುವಾರ ಒಂದೇ ದಿನ ಚಂದ ಇತ್ತು."

ಗುರುವಾರ ಯಾಕೆ ಚೆಂದ ಇತ್ತು ಅನ್ನೋದಕ್ಕೆ ಅವಳ ಆಯಿ (ಅಜ್ಜಿ) ಹತ್ತಿರ ಉತ್ತರ ಇತ್ತು. ಬುಧವಾರ ಸಂಜೆ ಅವರು ಗುಡಿಗೆ ಹೋಗಿ ಕಾಯಿ ಒಡೆಸಿದ್ದರು. ಅವಳ ಅಪ್ಪನ ಉತ್ತರ ಬೇರೆ: ಸೆಲ್ ಹೋಗಿರಬೇಕು, ತೆಗೆದು ಹೊಸದು ಹಾಕು. ಅದೃಷ್ಟಕ್ಕೆ ಹುಡುಗಿ ಅಪ್ಪನ ಮಾತು ಕೇಳಿರಲಿಲ್ಲ.

ಇಂಥ ಆಟಿಕೆ ತೆಗೆದುಕೊಂಡು ನನ್ನ ಹತ್ತಿರ ಬರುವ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಾರೆ: "ಇದಕ್ಕ ಆರಾಮಿಲ್ಲ". ಆದರೆ "ಇದಕ್ಕೆ" ಅಂದರೆ ಯಾವುದಕ್ಕೆ? ಪರದೆಯ ಮೇಲಿನ ಪ್ರಾಣಿಗೋ, ಅದನ್ನು ಹೊತ್ತಿರುವ ಪ್ಲಾಸ್ಟಿಕ್ ಮೊಟ್ಟೆಗೋ? ಮದ್ದು ಎರಡಕ್ಕೂ ಬೇರೆ ಬೇರೆ. ಪ್ರಾಣಿಯ ಕಾಯಿಲೆಗೆ ಅಂತ ಸೆಲ್ ತೆಗೆದರೆ ಪ್ರಾಣಿಯೇ ಹೋಗುತ್ತದೆ. 1990ರ ದಶಕದ ಮಾದರಿಗಳಲ್ಲಿ ಅದರ ವಯಸ್ಸು, ತೂಕ, ಹಸಿವು ಎಲ್ಲವೂ ಕರೆಂಟ್ ಇರುವ ತನಕ ಮಾತ್ರ ಉಳಿಯುವ ಮೆಮೊರಿಯಲ್ಲಿ ಇರುತ್ತವೆ. ಆಮೇಲೆ ಬಂದ ಕೆಲವು ಮಾದರಿಗಳು ಸೆಲ್ ಬದಲಿಸಿದ ಮೇಲೂ ಹಳೆಯ ಪ್ರಾಣಿಯನ್ನು ಮುಂದುವರಿಸುತ್ತವೆ. ನಿಮ್ಮದು ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಉಳಿಯುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಸ್ಕ್ರೂ ಬಿಚ್ಚುವ ಮುಂಚೆ ಮಗುವನ್ನು ಕೇಳಿ. ಹಿಂದುಗಡೆ ರೀಸೆಟ್ ತೂತು ಇದ್ದರೆ ಅದಕ್ಕೂ ಪಿನ್ ಹಾಕಬೇಡಿ.

ಮೊದಲ ಎರಡು ನಿಮಿಷ

ಏನನ್ನೂ ಬಿಚ್ಚದೆ ಇಷ್ಟು ನೋಡಿ. ಪರದೆಯ ಮೇಲೆ ಪ್ರಾಣಿ ಅಲುಗಾಡುತ್ತಿದೆಯಾ? ಪಕ್ಕದಲ್ಲಿ ಚಿಕ್ಕ ತಲೆಬುರುಡೆ ಇದೆಯಾ? ಇದೆ ಅಂದರೆ ಯಂತ್ರ ಕೆಲಸ ಮಾಡುತ್ತಿದೆ, ಆರಾಮಿಲ್ಲದ್ದು ಪ್ರಾಣಿಗೆ.

ಈ ತಲೆಬುರುಡೆ ನಮ್ಮ ಕಡೆ ಮಕ್ಕಳನ್ನು ಬಹಳ ಹೆದರಿಸುತ್ತದೆ. ನಮಗೆ ಅದು ಟ್ರಾನ್ಸ್‌ಫಾರ್ಮರ್ ಕಂಬದ ಮೇಲಿನ "ಅಪಾಯ" ಬೋರ್ಡಿನ ಗುರುತು, ಮುಟ್ಟಿದರೆ ಸಾವು ಅಂತ ಹೇಳುವ ಗುರುತು. ಗುಂಡ್ಯಾನ ಪಕ್ಕ ಅದನ್ನು ಮೊದಲ ಸಲ ನೋಡಿದಾಗ ಅಕ್ಕನ ಮಗಳು ಅದು ಸತ್ತೇಹೋಯಿತು ಅಂತ ಅತ್ತಿದ್ದಳಂತೆ. ಈ ಆಟಿಕೆಯಲ್ಲಿ ತಲೆಬುರುಡೆ ಅಂದರೆ ಕಾಯಿಲೆ ಅಷ್ಟೇ. ಬದುಕಿದೆ, ಮದ್ದು ಕೊಡಿ ಅಂತ ಅರ್ಥ. ಸಾವಿನ ಚಿತ್ರ ಬೇರೆ ಇದೆ. ಜಪಾನಿನ ಮೊದಲ ತಮಗೋಚಿಯಲ್ಲಿ ದೆವ್ವ ಮತ್ತು ಸಮಾಧಿ ಬರುತ್ತಿತ್ತು. ಹೊರದೇಶಗಳಿಗೆ ಕಳಿಸಿದ್ದರಲ್ಲಿ ಅದನ್ನು ರೆಕ್ಕೆಯ ದೇವದೂತನಾಗಿ ಬದಲಿಸಿದರು. ತಲೆಬುರುಡೆ ಕಂಡರೆ ಇನ್ನೂ ಸಮಯ ಇದೆ ಅಂತ ಮಗುವಿಗೆ ಮೊದಲು ಹೇಳಿ, ಆಮೇಲೆ ಕೆಲಸ ಶುರು ಮಾಡಿ.

ಪರದೆ ಪೂರ್ತಿ ಖಾಲಿ, ಮಸುಕು, ಅರ್ಧ ಗೆರೆ ಮಾಯ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಸದ್ದು ಬಂದ ಕೂಡಲೇ ಎಲ್ಲ ಅಳಿಸಿ ಮತ್ತೆ ಮೊಟ್ಟೆ ಬರುತ್ತದೆ: ಇವು ಯಂತ್ರದ ಕಾಯಿಲೆ. ಅವುಗಳಿಗೆ ಆಮೇಲೆ ಬರುತ್ತೇನೆ. ನೂರಕ್ಕೆ ನೂರು ಹೇಳಲಾರೆ, ಆದರೆ ನನ್ನ ಕೈಗೆ ಬಂದವುಗಳಲ್ಲಿ ಜಾಸ್ತಿ ಪ್ರಾಣಿಯ ಕಾಯಿಲೆಯವೇ.

ಒಳಗೆ ಕಾಯಿಲೆ ಅಂದರೆ ಏನು

ತಮಗೋಚಿ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1996ರ ನವೆಂಬರ್ 23ರಂದು. ಮಾಡಿದ್ದು ಬಂದಾಯಿ ಕಂಪನಿ. ಇದರ ಹಿಂದಿದ್ದವರು ಅಕಿಹಿರೊ ಯೊಕೊಯಿ ಮತ್ತು ಅಕಿ ಮೈತಾ. ಒಳಗೆ ಇದ್ದದ್ದು ಎಪ್ಸನ್‌ನ 4 ಬಿಟ್ ಚಿಪ್. ಪರದೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿ. ಇಷ್ಟರಲ್ಲಿ ವೈರಸ್, ಜ್ವರ, ರೋಗ ನಿರೋಧಕ ಶಕ್ತಿ ಅಂತೆಲ್ಲ ಇಡಲು ಜಾಗವೇ ಇಲ್ಲ. ಕಾಯಿಲೆ ಅಂದರೆ ಒಂದು ಸ್ವಿಚ್ ಇದ್ದ ಹಾಗೆ: ಆರಾಮಿದೆ, ಆರಾಮಿಲ್ಲ. ಆ ಸ್ವಿಚ್ ಯಾವಾಗ ಬೀಳಬೇಕು ಅಂತ ನಿರ್ಧರಿಸುವುದು ಹೊತ್ತು.

ಸ್ವಿಚ್ ಬೀಳಲು ಕಾರಣಗಳು ಹೀಗಿವೆ.

ಎಲ್ಲಕ್ಕಿಂತ ದೊಡ್ಡದು ಹೊಲಸು. ಪ್ರಾಣಿ ಆಗಾಗ ಹೇಲುತ್ತದೆ. ಮರಿಯಾಗಿದ್ದಾಗ ಬೇಗ ಬೇಗ, ದೊಡ್ಡದಾದ ಮೇಲೆ ಕೆಲವು ಗಂಟೆಗೊಮ್ಮೆ. ಅದನ್ನು ಬಾತುಕೋಳಿಯ ಚಿತ್ರ ಒತ್ತಿ ತೊಳೆಯಬೇಕು. ಬಹಳ ಹೊತ್ತು ಬಿಟ್ಟರೆ ತಲೆಬುರುಡೆ. ಇಲ್ಲಿ ಒಂದು ಮೋಸ ಇದೆ. ಹೊಟ್ಟೆ ಖಾಲಿಯಾದಾಗ, ಖುಷಿ ಖಾಲಿಯಾದಾಗ ಮೊದಲ ತಮಗೋಚಿ ಪೀಂ ಅಂತ ಕರೆಯುತ್ತದೆ, ಕೆಳಗಿನ ಸಾಲಿನ ಕೊನೆಯ ಚಿತ್ರ ಹೊತ್ತುತ್ತದೆ. ಹೊಲಸಾದಾಗ ಕರೆಯುವುದಿಲ್ಲ. ಕರೆದಾಗ ಮಾತ್ರ ನೋಡುವ ಮಗುವಿಗೆ ಹೊಲಸು ಕಾಣುವುದೇ ಇಲ್ಲ. ನೋಡುವಷ್ಟರಲ್ಲಿ ಕಾಯಿಲೆ ಆಗಿರುತ್ತದೆ.

ಎರಡನೆಯದು ತಿಂಡಿ. ಮೊದಲ ತಮಗೋಚಿಯಲ್ಲಿ ಊಟ ಕೊಟ್ಟರೆ ಹಸಿವಿನ ಒಂದು ಹೃದಯ ತುಂಬುತ್ತದೆ, ತೂಕ ಒಂದು ಹೆಚ್ಚುತ್ತದೆ. ತಿಂಡಿ ಕೊಟ್ಟರೆ ಖುಷಿಯ ಒಂದು ಹೃದಯ ತುಂಬುತ್ತದೆ, ಆದರೆ ತೂಕ ಎರಡು ಹೆಚ್ಚುತ್ತದೆ. ಆಟ ಆಡಿಸಿದರೆ ಒಂದು ಇಳಿಯುತ್ತದೆ. ಐದು ಸುತ್ತಿನ ಆಟ ಆಡುವ ಬದಲು ತಿಂಡಿ ಕೊಡುವುದು ಸುಲಭ, ಅಲ್ವಾ? ಮಕ್ಕಳು ಅದನ್ನೇ ಮಾಡುತ್ತಾರೆ. ಮನೆಯಲ್ಲಿ ಅಜ್ಜಿಯರು ಮಾಡುವ ಹಾಗೆಯೇ. ತಿಂಡಿ ಅತಿಯಾದರೆ ಕಾಯಿಲೆ ಬರುತ್ತದೆ. ಆಮೇಲಿನ ಕೆಲವು ಮಾದರಿಗಳು ತಲೆಬುರುಡೆಯ ಬದಲು ಹಲ್ಲಿನ ಚಿತ್ರ ತೋರಿಸುತ್ತವೆ. ಹಲ್ಲು ಕಂಡರೆ ನೇರವಾಗಿ ತಿಂಡಿಯ ಲೆಕ್ಕ ಕೇಳಿ.

ಮೂರನೆಯದಕ್ಕೆ ಯಾರೂ ಹೊಣೆಯಲ್ಲ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಪ್ರಾಣಿಗೆ ಆಗಾಗ ಆರಾಮ ತಪ್ಪುತ್ತದೆ, ಹಾಗೆಯೇ ಮಾಡಿದ್ದಾರೆ. ವಯಸ್ಸಾದ ಮೇಲೆ ಅದು ಜಾಸ್ತಿ. ಈ ಪ್ರಾಣಿಗೆ ಒಂದು ದಿನ ಅಂದರೆ ಒಂದು ವರ್ಷ. ಮುದಿಯಾದ ಮೇಲೆ ಇವತ್ತು ಸೂಜಿ, ನಾಳೆ ಸೂಜಿ ಅಂತ ಆಗುವುದು ದೋಷ ಅಲ್ಲ, ಅದನ್ನು ರಿಪೇರಿ ಮಾಡಲೂ ಆಗುವುದಿಲ್ಲ. ಮಗುವಿಗೆ ಇದನ್ನು ಸುಳ್ಳು ಸೇರಿಸದೆ ಹೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಅಪ್ಪ ಅಮ್ಮ ಬೈಯುವುದನ್ನು ನೋಡಿದ್ದೇನೆ. ಹನ್ನೆರಡು ದಿನ ಸಾಕಿದ ಮಗುವಿಗೆ ಆ ಮಾತು ಸಲ್ಲದು.

ಬಂದಾಯಿಯೇ 1997ರಲ್ಲಿ ತಂದ ಡಿಜಿಮಾನ್ ಆಟಿಕೆಯಲ್ಲಿ ನಾಲ್ಕನೆಯ ಕಾರಣವೂ ಇದೆ: ಜಗಳ. ಎರಡು ಆಟಿಕೆ ಜೋಡಿಸಿ ಕಾದಾಡಿಸಿದರೆ ಪ್ರಾಣಿಗೆ ಗಾಯವಾಗುತ್ತದೆ. ಗೆಳೆಯರ ಮನೆಯಿಂದ ಬಂದ ಮೇಲೆ ಆರಾಮಿಲ್ಲ ಅಂದರೆ ಅಲ್ಲಿ ಏನಾಯಿತು ಅಂತ ಕೇಳಿ.

ಕಾಯಿಲೆಯನ್ನು ಗಂಟೆಗಟ್ಟಲೆ ಹಾಗೇ ಬಿಟ್ಟರೆ ಪ್ರಾಣಿ ಸಾಯುತ್ತದೆ. ಆದ್ದರಿಂದ ಕಾರಣ ಹುಡುಕುವುದು ಆಮೇಲೆ. ತಲೆಬುರುಡೆ ಕಂಡರೆ ಮೊದಲು ಸೂಜಿ, ಕೂಡಲೇ ಬಾತುಕೋಳಿ.

ದಿನಾ ಮುಂಜಾನೆ ಕಾಯಿಲೆ

ಈಗ ಗುಂಡ್ಯಾನ ಕಡೆ ಬರೋಣ. ಹೊಲಸು ತೊಳೆಯುತ್ತೀಯಾ? ಹೌದು. ತಿಂಡಿ ಎಷ್ಟು? ದಿನಕ್ಕೆ ಎರಡು. ತೂಕ ನೋಡಿದೆ, ಜಾಸ್ತಿ ಇಲ್ಲ. ವಯಸ್ಸು ಇನ್ನೂ ಎಳೆಯದು. ಗುಂಡಿ ಮೂರೂ ಸರಿ. ಪರದೆ ಕಪ್ಪಾಗಿ ಸ್ಪಷ್ಟವಾಗಿದೆ, ಅಂದರೆ ಸೆಲ್‌ಗೂ ಏನೂ ಆಗಿಲ್ಲ.

ಆದರೂ ಒಂದು ವಿಷಯ ಕಣ್ಣಿಗೆ ಬಿತ್ತು. ಸಂಜೆ ಏಳು ಗಂಟೆಗೆ ಗುಂಡ್ಯಾ ನಿದ್ದೆ ಮಾಡುತ್ತಿತ್ತು.

ಮೊದಲ ತಮಗೋಚಿಯ ಪ್ರಾಣಿಗಳು ಮಲಗುವುದು ತಮ್ಮ ಗಡಿಯಾರ ನೋಡಿಕೊಂಡು. ಈ ವಯಸ್ಸಿಗೆ ಹೆಚ್ಚುಕಡಿಮೆ ರಾತ್ರಿ 9ಕ್ಕೆ ಮಲಗಿ ಮುಂಜಾನೆ 9ಕ್ಕೆ ಏಳುತ್ತವೆ. ನಿದ್ದೆಯಲ್ಲಿರುವಾಗ ಅದಕ್ಕೆ ನಮ್ಮ ಆರೈಕೆ ಬೇಕಾಗುವುದಿಲ್ಲ. ಈ ಆಟಿಕೆ ಜೊತೆ ಮನುಷ್ಯರು ಬದುಕಲು ಸಾಧ್ಯವಾಗಿರುವುದೇ ಅದರಿಂದ: ನಾವು ಮಲಗಿದಾಗ ಅದೂ ಮಲಗುತ್ತದೆ. ಏಳು ಗಂಟೆಗೇ ಮಲಗಿದೆ ಅಂದರೆ ಅದರ ಹೊತ್ತು ಬೇರೆ, ನಮ್ಮ ಹೊತ್ತು ಬೇರೆ.

ನಡು ಗುಂಡಿ ಒತ್ತಿ ಗಡಿಯಾರ ನೋಡಿದೆ. ಗೋಡೆಯ ಮೇಲೆ ಸಂಜೆ 7. ಮೊಟ್ಟೆಯೊಳಗೆ ಮುಂಜಾನೆ 5:30.

"ಅವ್ವೀ, ಸಾಲಿಗಿ ಹೋಗಾಗ ಇದನ್ನ ಏನ್ ಮಾಡ್ತಿ?"

"ನಿಲ್ಲಿಸಿ ಹೋಗ್ತೀನಿ ಮಾಮಾ. ಗಡಿಯಾರ ಹಚ್ಚೂದ್ರಾಗ ಬಿಟ್ರ ಗುಂಡ್ಯಾ ಸುಮ್ಮ ಇರ್ತದ. ನನ್ ಗೆಳತಿ ಹೇಳ್ಯಾಳ."

ಗೆಳತಿ ಹೇಳಿದ್ದು ನಿಜ. ಗಡಿಯಾರ ತೋರಿಸುವಾಗ ಎಡ ಮತ್ತು ಬಲ ಗುಂಡಿ ಒಟ್ಟಿಗೆ ಒತ್ತಿದರೆ ಹೊತ್ತು ಸರಿಪಡಿಸುವ ಪರದೆ ಬರುತ್ತದೆ. ಅಲ್ಲೇ ಬಿಟ್ಟರೆ ಪ್ರಾಣಿಯ ಹಸಿವು, ಹೊಲಸು, ವಯಸ್ಸು ಎಲ್ಲ ನಿಲ್ಲುತ್ತವೆ. ಶಾಲೆಗೆ ಒಯ್ಯಲು ಆಗದ ಮಕ್ಕಳು ಬಹಳ ಕಾಲದಿಂದ ಮಾಡುತ್ತಿರುವ ಉಪಾಯ ಇದು. ಆದರೆ ಪ್ರಾಣಿಯ ಜೊತೆ ಗಡಿಯಾರವೂ ನಿಲ್ಲುತ್ತದೆ. ಮರಳಿ ಬಂದು ಸುಮ್ನೆ ಹೊರಗೆ ಬಂದರೆ ಅದು ನಿಲ್ಲಿಸಿದ ಹೊತ್ತಿನಿಂದಲೇ ಮುಂದುವರಿಯುತ್ತದೆ.

ಅವಳು ಮನೆ ಬಿಡುವುದು 9:30ಕ್ಕೆ, ಬರುವುದು 5ಕ್ಕೆ. ದಿನಕ್ಕೆ ಏಳೂವರೆ ಗಂಟೆ ಹಿಂದೆ. ಕಾಗದ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು.

ಸೋಮವಾರ ಸಂಜೆಗೆ ಮೊಟ್ಟೆಯ ಗಡಿಯಾರ 7:30 ಗಂಟೆ ಹಿಂದೆ. ಅದಕ್ಕೆ ರಾತ್ರಿ 9 ಆಗುವಾಗ ನಮಗೆ ಬೆಳಗಿನ ಜಾವ 4:30. ಅಲ್ಲಿಯ ತನಕ ಗುಂಡ್ಯಾ ಎಚ್ಚರ, ಮನೆಯವರೆಲ್ಲ ನಿದ್ದೆ. ಮಂಗಳವಾರ ಮುಂಜಾನೆ ತಲೆಬುರುಡೆ.

ಮಂಗಳವಾರ ಸಂಜೆಗೆ 15 ಗಂಟೆ ಹಿಂದೆ. ಈಗ ಅದು ಏಳುವುದೇ ನಮ್ಮ ನಡುರಾತ್ರಿ 12ಕ್ಕೆ. ಇಡೀ ರಾತ್ರಿ ಒಬ್ಬಂಟಿ. ಬುಧವಾರ ಮುಂಜಾನೆ ತಲೆಬುರುಡೆ.

ಬುಧವಾರ ಸಂಜೆಗೆ ಇಪ್ಪತ್ತೆರಡೂವರೆ ಗಂಟೆ ಹಿಂದೆ. ಅಂದರೆ ಒಂದು ಪೂರ್ತಿ ದಿನಕ್ಕೆ ಒಂದೂವರೆ ಗಂಟೆ ಮಾತ್ರ ಕಡಿಮೆ. ಗಡಿಯಾರ ಸುತ್ತು ಹೊಡೆದು ಹತ್ತಿರ ಹತ್ತಿರ ಸರಿಯಾದ ಜಾಗಕ್ಕೆ ಬಂತು. ಗುಂಡ್ಯಾ ನಮ್ಮ ಸಂಜೆ 7:30ಕ್ಕೆ ಮಲಗಿ ಮುಂಜಾನೆ 7:30ಕ್ಕೆ ಎದ್ದಿತು. ಗುರುವಾರ ಚೆಂದ ಇತ್ತು!

ಗುರುವಾರ ಸಂಜೆಗೆ ಮತ್ತೆ 6 ಗಂಟೆ ಹಿಂದೆ ಬಿದ್ದ ಹಾಗಾಯಿತು, ಶುಕ್ರವಾರ ಮುಂಜಾನೆ ತಲೆಬುರುಡೆ. ಶುಕ್ರವಾರ ಸಂಜೆಗೆ ಹದಿಮೂರೂವರೆ ಗಂಟೆ ಹಿಂದೆ. ಏಳರಿಂದ ಹದಿಮೂರೂವರೆ ಕಳೆದರೆ ಮುಂಜಾನೆ 5:30. ಪರದೆಯ ಮೇಲೆ ಇದ್ದದ್ದೂ ಅದೇ. ಲೆಕ್ಕ ಕೂಡಿದಾಗ ಹುಡುಗಿ ಪೆನ್ಸಿಲ್ ಬಿಟ್ಟು ಚಪ್ಪಾಳೆ ಹೊಡೆದಳು. ನನಗೂ ಅಷ್ಟೇ ಖುಷಿಯಾಯಿತು.

ಒಮ್ಮೆ ಬಂದು ಒಮ್ಮೆ ಬಾರದ ದೋಷ ಇದ್ದರೆ, ಬಾರದ ದಿನವನ್ನೇ ಹಿಡಿದುಕೊಳ್ಳಿ. ಕಾಯಿಲೆ ಬಿದ್ದ ಮೂರು ಮುಂಜಾನೆಗಳಿಗೆ ನೂರು ಕಾರಣ ಹೇಳಬಹುದಿತ್ತು. ಬೀಳದ ಆ ಒಂದು ಗುರುವಾರಕ್ಕೆ ಒಪ್ಪುವ ಕಾರಣ ಒಂದೇ ಸಿಕ್ಕಿತು.

ಇದೇ ಜಾತಿಯ ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಮೊದಲ ಸಲ ಹೊತ್ತು ಹಚ್ಚುವಾಗ ಬೆಳಿಗ್ಗೆ, ಸಂಜೆ ಅದಲು ಬದಲಾಗುವುದು. ಅಂಕಿ ಸರಿಯಾಗಿರುತ್ತದೆ, ಪಕ್ಕದ ಚಿಕ್ಕ ಅಕ್ಷರ ತಪ್ಪಿರುತ್ತದೆ. ಆಗ ಪ್ರಾಣಿ 12 ಗಂಟೆ ಉಲ್ಟಾ. ದಿನವಿಡೀ ನಿದ್ದೆ, ರಾತ್ರಿಯಿಡೀ ಎಚ್ಚರ, ಪ್ರತಿ ಮುಂಜಾನೆ ಕಾಯಿಲೆ. ಗುರುತು ಹಿಡಿಯುವುದು ಸುಲಭ: ಒಂದು ದಿನವೂ ತಪ್ಪದೆ ಮುಂಜಾನೆ ಕಾಯಿಲೆ ಇದ್ದರೆ ಬೆಳಿಗ್ಗೆ ಸಂಜೆಯ ತಪ್ಪು. ನಡುವೆ ಒಂದೊಂದು ದಿನ ಆರಾಮಿದ್ದರೆ ನಿಲ್ಲಿಸಿ ಬಿಟ್ಟ ತಪ್ಪು.

ಸರಿಪಡಿಸಲು ಗಡಿಯಾರದ ಪರದೆಯಲ್ಲಿ ಎಡ, ಬಲ ಗುಂಡಿ ಒಟ್ಟಿಗೆ ಒತ್ತಿ. ಎಡ ಗುಂಡಿ ಗಂಟೆ, ನಡು ಗುಂಡಿ ನಿಮಿಷ, ಬಲ ಗುಂಡಿ ಮುಗಿಯಿತು. ನಿಲ್ಲಿಸಿದಾಗಲೆಲ್ಲ, ಮತ್ತೆ ಶುರು ಮಾಡುವಾಗ ಗೋಡೆ ಗಡಿಯಾರ ನೋಡಿ ಹೊತ್ತು ಹಚ್ಚಲೇಬೇಕು.

ಅಕ್ಕನ ಗಂಡ ಒಂದು ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆ. ನಮ್ಮ ಕಲಬುರಗಿ ಬಿಸಿಲಿಗೆ ಗಡಿಯಾರವೇ ತಪ್ಪಿರಬಹುದಲ್ಲ? ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಈ ಆಟಿಕೆಗಳಲ್ಲಿ ಕೈಗಡಿಯಾರದಲ್ಲಿರುವಂಥದ್ದೇ ಸ್ಫಟಿಕ ಇರುತ್ತದೆ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಅಂಕಿಯನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಬರುತ್ತದೆ, ಅದೇ ಒಂದು ಸೆಕೆಂಡು. 25 ಡಿಗ್ರಿಯ ಆಸುಪಾಸು ಅದು ಕರಾರುವಾಕ್ಕು. 45 ಡಿಗ್ರಿಗೆ ಏರಿದರೆ ನಿಧಾನ ಆಗುವುದು ನಿಜ, ಆದರೆ ದಿನಕ್ಕೆ ಸುಮಾರು 1 ಸೆಕೆಂಡು ಮಾತ್ರ. ಹದಿಮೂರೂವರೆ ಗಂಟೆ ಬಿಸಿಲಿನಿಂದ ತಪ್ಪುವುದಿಲ್ಲ. ಗಂಟೆಗಟ್ಟಲೆ ತಪ್ಪಿದೆ ಅಂದರೆ ಯಾರೋ ನಿಲ್ಲಿಸಿದ್ದಾರೆ, ಅಥವಾ ಹಚ್ಚುವಾಗಲೇ ತಪ್ಪಿದೆ.

ಸೂಜಿ ಹಾಕಿದರೂ ವಾಸಿಯಾಗುತ್ತಿಲ್ಲ

ಒಂದು ಸೂಜಿಗೆ ತಲೆಬುರುಡೆ ಹೋಗಲೇಬೇಕು ಅಂತಿಲ್ಲ. ಎರಡು, ಕೆಲವು ಸಲ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಂದು ಹಾಕಿ ನೋಡಿ, ಬುರುಡೆ ಇನ್ನೂ ಇದ್ದರೆ ಮತ್ತೆ ಹಾಕಿ. ಪ್ರಾಣಿ ತಲೆ ಅಲ್ಲಾಡಿಸಿ ಬೇಡ ಅಂದರೆ ಅದಕ್ಕೆ ಕಾಯಿಲೆ ಇಲ್ಲ.

ಸೂಜಿಯೇ ಹೋಗುತ್ತಿಲ್ಲ ಅನ್ನುವುದು ಬೇರೆ ತೊಂದರೆ, ಇದು ಯಂತ್ರದ್ದು. ಮೊದಲ ತಮಗೋಚಿಯಲ್ಲಿ ಮೇಲಿನ ಸಾಲು ಊಟ, ದೀಪ, ಆಟ, ಸೂಜಿ. ಕೆಳಗಿನ ಸಾಲು ಬಾತುಕೋಳಿ, ತಕ್ಕಡಿ, ಬೈಗುಳ, ಕರೆ. ಎಡ ಗುಂಡಿಯನ್ನು ನಿಧಾನವಾಗಿ, ಒಂದೊಂದೇ ಸಲ ಒತ್ತಿ. ನಾಲ್ಕನೆಯ ಸಲಕ್ಕೆ ಸೂಜಿ ಹೊತ್ತಬೇಕು. ಕರೆಯ ಚಿತ್ರ ತಾನಾಗಿ ಹೊತ್ತುವಂಥದ್ದು, ಅದನ್ನು ನಾವು ಆರಿಸಲು ಬರುವುದಿಲ್ಲ. ಒಂದು ಸಲ ಒತ್ತಿದರೆ ಎರಡು ಚಿತ್ರ ದಾಟಿದರೆ, ಅಥವಾ ಗಟ್ಟಿಯಾಗಿ ಒತ್ತಿದರೆ ಮಾತ್ರ ಹೋದರೆ, ಗುಂಡಿಯ ಕೆಳಗೆ ಕೊಳೆ ಕೂತಿದೆ. ಮಕ್ಕಳ ಕೈ ಬೆವರು, ಸಕ್ಕರೆ, ನಮ್ಮ ಊರಿನ ಧೂಳು ಮೂರೂ ಸೇರಿದ ಅಂಟು.

ಬಿಚ್ಚಿದರೆ ರಬ್ಬರ್ ಗುಂಡಿಯ ತಳದಲ್ಲಿ ಕಪ್ಪು ಇಂಗಾಲದ ಚುಕ್ಕೆ ಕಾಣುತ್ತದೆ. ಅದು ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಕೂಡಿಸಿದಾಗ ಗುಂಡಿ ಕೆಲಸ ಮಾಡುತ್ತದೆ. ಬೋರ್ಡಿನ ಗೆರೆಗಳನ್ನು ಮೆಡಿಕಲ್ ಅಂಗಡಿಯ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಇಂಗಾಲದ ಚುಕ್ಕೆಯನ್ನು ಹಗುರವಾಗಿ ಮಾತ್ರ ಒರೆಸಿ, ಉಜ್ಜಬೇಡಿ, ಅದು ಸವೆಯುತ್ತದೆ. ಪೂರ್ತಿ ಸವೆದಿದ್ದರೆ ಮೆತ್ತಗಿನ ಪೆನ್ಸಿಲ್‌ನಿಂದ ಅದರ ಮೇಲೆ ಕಪ್ಪು ಬಳಿಯಬಹುದು. ಕೆಲವು ವಾರ ನಡೆಯುತ್ತದೆ, ಅಷ್ಟೇ.

ಬುರುಡೆ ಕಾಣದೆ ಸತ್ತುಹೋಯಿತು

ಇದು ಅಪರೂಪ, ಆದರೆ ಬಹಳ ನೋವಿನದು. ಒಬ್ಬ ಹುಡುಗ ಹೇಳಿದ: ಕಾಯಿಲೆ ತೋರಿಸಲೇ ಇಲ್ಲ, ನೇರ ಸತ್ತಿತು. ನಾನು ಮೊದಲು ನಂಬಲಿಲ್ಲ. ಆಮೇಲೆ ಪರದೆ ನೋಡಿದರೆ ಮೇಲ್ಭಾಗದ ಕೆಲವು ಗೆರೆಗಳು ಮೂಡುತ್ತಲೇ ಇರಲಿಲ್ಲ. ಬುರುಡೆ ಬರುವ ಜಾಗವೇ ಅದು. ಒಳಗೆ ಬುರುಡೆ ಇತ್ತು, ಹೊರಗೆ ಕಾಣಲಿಲ್ಲ. ಆ ಹುಡುಗನ ಮಾತು ನಿಜವಾಗಿತ್ತು.

ಗೆರೆ ಹೋಗಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ, ಯಂತ್ರದಲ್ಲೇ ಇದೆ. ಪ್ರಾಣಿ ಮಲಗಿದಾಗ ದೀಪದ ಚಿತ್ರ ಒತ್ತಿ ದೀಪ ಆರಿಸಿ. ಮೊದಲ ತಮಗೋಚಿಯಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ, ನಿದ್ದೆಯ ಗುರುತು ಮಾತ್ರ ಬಿಳಿ. ಆ ಕಪ್ಪಿನಲ್ಲಿ ಎಲ್ಲಿ ಬಿಳಿ ಗೆರೆ ಬಿಟ್ಟಿದೆಯೋ ಅಲ್ಲಿ ಸಂಪರ್ಕ ತಪ್ಪಿದೆ. ಎಲ್‌ಸಿಡಿ ಗಾಜನ್ನು ಬೋರ್ಡಿಗೆ ಕೂಡಿಸಲು ಕೆಲವುದರಲ್ಲಿ ಕಪ್ಪು ಬಿಳಿ ಪಟ್ಟೆಯ ರಬ್ಬರ್ ತುಂಡು ಇರುತ್ತದೆ. ಅದನ್ನು ಮತ್ತು ಅದು ಕೂರುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಸಮನಾಗಿ ಬಿಗಿ ಮಾಡಿದರೆ ಬಹಳ ಸಲ ಗೆರೆ ಮರಳುತ್ತದೆ. ಇನ್ನು ಕೆಲವುದರಲ್ಲಿ ಶಾಖ ಕೊಟ್ಟು ಅಂಟಿಸಿದ ತೆಳು ಪಟ್ಟಿ ಇರುತ್ತದೆ. ಅದನ್ನು ಎಳೆಯಬೇಡಿ. ಅನುಭವ ಇಲ್ಲದಿದ್ದರೆ ಮುಟ್ಟದಿರುವುದೇ ಒಳ್ಳೆಯದು.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ದೂರು ಬರುತ್ತದೆ: ಪರದೆಯೆಲ್ಲ ಕಪ್ಪು, ಪ್ರಾಣಿಯೇ ಕಾಣುತ್ತಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೋ, ಸ್ಕೂಟರ್ ಡಿಕ್ಕಿಯಲ್ಲೋ, ತಗಡಿನ ಮಾಡಿನ ಕೆಳಗೋ ಇಟ್ಟಿರುತ್ತಾರೆ. ಬಿಸಿ ಏರಿದಂತೆ ಎಲ್‌ಸಿಡಿಯ ಚುಕ್ಕಿಗಳು ಕಡಿಮೆ ವೋಲ್ಟೇಜಿಗೇ ಕಪ್ಪಾಗುತ್ತವೆ. ಮೂಡಬಾರದ ಚುಕ್ಕಿಗಳೂ ಮೂಡುತ್ತವೆ. ನೆರಳಿಗೆ ತಂದು ಅರ್ಧ ಗಂಟೆ ಬಿಡಿ. ಫ್ರಿಜ್‌ಗೆ ಇಡಬೇಡಿ, ಒಳಗೆ ನೀರಾಡುತ್ತದೆ. ಪರದೆ ಕಪ್ಪಾಗಿದ್ದಾಗಲೂ ಒಳಗೆ ಪ್ರಾಣಿಯ ಹೊತ್ತು ಓಡುತ್ತಲೇ ಇರುತ್ತದೆ. ಆದ್ದರಿಂದ ಚಿತ್ರ ಮರಳಿದ ಕೂಡಲೇ ಹೊಲಸು, ಬುರುಡೆ ನೋಡಿ.

ಸೆಲ್

ಸದ್ದು ಬಂದಾಗ ಪರದೆ ಮಸುಕಾಗುತ್ತದಾ? ಸೆಲ್ ಮುಗಿಯುತ್ತ ಬಂದಿದೆ. ಸದ್ದಿಗೆ ಕರೆಂಟ್ ಜಾಸ್ತಿ ಬೇಕು. ಸೋತ ಸೆಲ್ ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿದು ಚಿಪ್ ಮೊದಲಿನಿಂದ ಶುರುವಾಗುತ್ತದೆ. "ಊಟ ಕೇಳಿ ಕೂಗಿತು, ಅಷ್ಟರಲ್ಲಿ ಮತ್ತೆ ಮೊಟ್ಟೆ ಆಯಿತು" ಅಂತ ಮಕ್ಕಳು ಹೇಳುವುದು ಇದನ್ನೇ. ಮಸುಕು ಕಂಡ ದಿನವೇ ಸದ್ದು ಬಂದ್ ಮಾಡಿದರೆ ಇನ್ನೂ ಕೆಲವು ದಿನ ತಳ್ಳಬಹುದು.

ಹಳೆಯ ತಮಗೋಚಿಗೆ ಎಲ್‌ಆರ್44 ಎರಡು ಬೇಕು, ತಲಾ 1.5 ವೋಲ್ಟ್. ಆಮೇಲಿನ ಬಹಳ ಮಾದರಿಗಳಿಗೆ ಸಿಆರ್2032 ಒಂದು, 3 ವೋಲ್ಟ್. ಜಾತ್ರೆಯ ಆಟಿಕೆಗಳಲ್ಲಿ ಎಜಿ13 ಅಂತ ಬರೆದಿರುತ್ತದೆ, ಅದೂ ಎಲ್‌ಆರ್44 ಒಂದೇ ಅಳತೆ. ಎಜಿ10 ಅಗಲದಲ್ಲಿ ಅಷ್ಟೇ ಇದ್ದರೂ ದಪ್ಪ ಕಡಿಮೆ, ಹಾಕಿದರೆ ಅಲುಗಾಡುತ್ತದೆ. ಅಲುಗಾಡಿದಾಗೆಲ್ಲ ಪ್ರಾಣಿ ಹೋಗುತ್ತದೆ. ಎಸ್‌ಆರ್44 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಆದರೆ ಅದರ ವೋಲ್ಟೇಜ್ ಕೊನೆಯ ತನಕ ಬಹುಮಟ್ಟಿಗೆ ಒಂದೇ ಸಮ ನಿಲ್ಲುತ್ತದೆ.

ಹೊಸ ಸೆಲ್ ಅಂತ ತಂದದ್ದೂ ಸತ್ತಿರಬಹುದು. ಒಮ್ಮೆ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ ತಂದ ಪಟ್ಟಿಯ ಹತ್ತರಲ್ಲಿ ನಾಲ್ಕು ಬರೀ ಹೆಸರಿಗೆ ಹೊಸದಾಗಿದ್ದವು. ಮೀಟರ್ ಹಚ್ಚಿದರೆ 1.5 ತೋರಿಸುತ್ತಿದ್ದವು, ಕೆಲಸಕ್ಕೆ ಹಚ್ಚಿದರೆ ಕುಸಿಯುತ್ತಿದ್ದವು. ಅದಕ್ಕೇ ಸೆಲ್‌ನ ಎರಡು ಕಡೆ 1 ಕಿಲೋ ಓಮ್ ರೆಸಿಸ್ಟರ್ ಹಿಡಿದು, ಅದರ ಮೇಲೆ ಮೀಟರ್ ನೋಡಿ. ಐದಾರು ಸೆಕೆಂಡು ಇಳಿಯದೆ ನಿಂತರೆ ಒಳ್ಳೆಯದು. ಮೀಟರ್ ಇಲ್ಲದಿದ್ದರೆ ಗಡಿಯಾರ ರಿಪೇರಿಯವರ ಹತ್ತಿರ ಹೋಗಿ, ಅವರು ನೋಡಿ ಕೊಡುತ್ತಾರೆ.

ಸೆಲ್ ಕೂರುವ ತಗಡಿನ ಮೇಲೆ ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಎಲ್‌ಆರ್44 ಸೋರಿದರೆ ಬರುವುದು ಕ್ಷಾರ. ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ.

ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಲ್ ಮುಚ್ಚಳದ ಸ್ಕ್ರೂ ಕಳೆದುಹೋದ ಆಟಿಕೆಯನ್ನು ಮಗುವಿನ ಕೈಗೆ ಕೊಡಬೇಡಿ. ಚಿಕ್ಕ ಮಗು ಬಟನ್ ಸೆಲ್ ನುಂಗಿದರೆ, ಅದರಲ್ಲೂ ದೊಡ್ಡ ಸಿಆರ್2032, ಅದು ಅನ್ನನಾಳದಲ್ಲಿ ಸಿಕ್ಕಿ ಎರಡು ಗಂಟೆಯೊಳಗೇ ಸುಡಲು ಶುರು ಮಾಡಬಹುದು. ವಾಂತಿ ಮಾಡಿಸಬೇಡಿ, ನಾಳೆ ನೋಡೋಣ ಅನ್ನಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.

ಜಾತ್ರೆಯ ಮೊಟ್ಟೆಗಳು

ಶರಣಬಸವೇಶ್ವರ ಜಾತ್ರೆಯಂಥ ಕಡೆ ಸಿಗುವ, 49 ಪ್ರಾಣಿ, 168 ಪ್ರಾಣಿ ಅಂತ ಬರೆದ ಮೊಟ್ಟೆಗಳಿಗೂ ಮೇಲಿನದ್ದೇ ಕ್ರಮ: ಮೊದಲು ಪ್ರಾಣಿ, ಆಮೇಲೆ ಗಡಿಯಾರ, ಆಮೇಲೆ ಗುಂಡಿ, ಕೊನೆಗೆ ಸೆಲ್. ಚಿತ್ರಗಳ ಸಾಲು ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಕೊಂಡ ದಿನವೇ ಯಾವ ಚಿತ್ರ ಒತ್ತಿದರೆ ಏನಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಒಳಗಿನ ಚಿಪ್ ಕಪ್ಪು ಅಂಟಿನ ಉಂಡೆಯ ಕೆಳಗಿರುತ್ತದೆ, ಅದು ಹೋದರೆ ಬದಲಿಸಲು ಬರುವುದಿಲ್ಲ. ಸೆಲ್ ಹಿಡಿಯುವ ತಗಡು ಸಡಿಲ ಇರುವುದೇ ಇವುಗಳ ದೊಡ್ಡ ತೊಂದರೆ. ಅದನ್ನು ಚೂರು ಮೇಲಕ್ಕೆ ಬಾಗಿಸಿದರೆ ಬಹಳಷ್ಟು ಸರಿಹೋಗುತ್ತವೆ.

ಆ ಶುಕ್ರವಾರ ರಾತ್ರಿ ಗುಂಡ್ಯಾನ ಗಡಿಯಾರ ಸರಿ ಮಾಡಿದೆವು. ಶಾಲೆಗೆ ಹೋಗುವಾಗ ನಿಲ್ಲಿಸುವುದು ಬೇಡ ಅಂತಲೂ ಮಾತಾಯಿತು, ಯಾಕೆಂದರೆ ಹೊತ್ತು ಹಚ್ಚಲು ಒಂದು ದಿನ ಮರೆತರೂ ಮತ್ತೆ ಇದೇ ಕತೆ. ಹಗಲು ನೋಡಿಕೊಳ್ಳಲು ಆಯಿ ಒಪ್ಪಿಕೊಂಡರು. ಅವರಿಗೆ ಕನ್ನಡಕ ಹಾಕಿದರೂ ಆ ಚಿಕ್ಕ ಚಿತ್ರಗಳು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮೊಮ್ಮಗಳು ಲೆಕ್ಕ ಕಲಿಸಿದಳು: ಎಡಗುಂಡಿ ಐದು ಸಲ, ನಡುಗುಂಡಿ ಒಂದು ಸಲ, ಹೊಲಸು ತೊಳೆದಾಯಿತು. ಸೋಮವಾರ ಸಂಜೆ ಫೋನ್ ಮಾಡಿ ವಿಚಾರಿಸಿದೆ. ಮಧ್ಯಾಹ್ನ ಎರಡು ಸಲ ತೊಳೆದರಂತೆ, ಒಂದು ಸಲ ಊಟ ಕೊಟ್ಟರಂತೆ.

"ಮತ್ತ ಮುಂಜಾನಿ ಹ್ಯಾಂಗಿತ್ತು?" ಅಂದೆ.

"ಆರಾಮ್ ಅದ ಮಾಮಾ. ಒಂಬತ್ತಕ್ಕ ಎದ್ದದ."